ಬೆಳೆಯುವ ಹುಡುಗನಿಗೆ ಬೆಲೆ ಕಟ್ಟುವ ವಿದ್ಯೆ

ಮಾವಿನ ಮರಗಳು ಹೂ ಬಿಟ್ಟೊಡನೆಯೇ ತೋಪನ್ನು ಗುತ್ತಿಗೆಗೆ ಹಿಡಿಯುವ ವ್ಯಾಪಾರಿಗಳನ್ನು ವಾಚಕರೆಲ್ಲರೂ ಬಲ್ಲರು. ಹೂವಿನ ದಟ್ಟಣೆ, ಚಿಗುರಿನ ಬಣ್ಣ, ಹಿಂದಿನ ವರ್ಷದ ಫಸಲು, ಮೋಡದ ರೀತಿ ಇವುಗಳನ್ನು ನೋಡಿ ಅವರು ಒಂದು ಮೊತ್ತವನ್ನು ಹೇಳುತ್ತಾರೆ. ತೋಪಿನ ಯಜಮಾನನು ತಲೆಯಾಡಿಸಿದರೆ ಮುಂಗಡವು ಕೈಸೇರುತ್ತದೆ. ಅನಂತರ ಇಬ್ಬನಿ ಬಿದ್ದು ಹೂವು ಕರಗಿದರೂ, ಆಲಿಕಲ್ಲು ಬಿದ್ದು ಮಿಡಿ ಉದುರಿದರೂ ನಷ್ಟವು ವ್ಯಾಪಾರಿಯದು. ಮರಕ್ಕೇನೂ ಆಗುವುದಿಲ್ಲ, ಮುಂದಿನ ವರ್ಷ ಅದು ಮತ್ತೆ ಹೂ ಬಿಡುತ್ತದೆ. ಇದೇ ವ್ಯಾಪಾರವನ್ನು ಹದಿನಾರು ವರ್ಷದ ಹುಡುಗರ ವಿಷಯದಲ್ಲಿ ನಡೆಯಿಸುವ ದೇಶವೊಂದುಂಟು. ಅಲ್ಲಿಯ ಪದ್ಧತಿಯನ್ನು ನಾವು ತಿಳಿದಷ್ಟು ಮಟ್ಟಿಗೆ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಮೂವತ್ತೈದು ವರ್ಷಗಳ ಕಾಲ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯಿಂದ ಅಂಕ ಬರೆದವರಾದುದರಿಂದ ಈ ವಿಷಯದಲ್ಲಿ ನಮಗೆ ಬರಿಯ ಕುತೂಹಲಕ್ಕಿಂತ ಹೆಚ್ಚಿನದೊಂದು ಸಂಬಂಧವಿದೆ. ಅದೇನೆಂಬುದನ್ನು ಮುಂದೆ ಅರಿಕೆ ಮಾಡುವೆವು.

ಕೆಲಸದಿಂದ ವಿಶ್ರಾಂತಿ ಪಡೆದ ಮೇಲೆ ನಮ್ಮ ಅಣ್ಣನವರ ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ನಾವೂ ನಮ್ಮ ಮನೆಯವರೂ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಒಂದು ಬೇಸಗೆಯನ್ನು ಕಳೆದೆವು. ಆ ಊರಿನ ಗುಡ್ಡದ ಮೇಲಿರುವ ಶ್ರೀ ವೆಂಕಟೇಶ್ವರ ದೇವಸ್ಥಾನವನ್ನು ನೋಡಿದ್ದಾಯಿತು, ನದಿಗಳ ಸಂಗಮವನ್ನು ನೋಡಿದ್ದಾಯಿತು. ಉಳಿದ ಹೊತ್ತಿನಲ್ಲೆಲ್ಲ ನಮಗೆ ಗುರುವಾದವನು ಆ ಮನೆಯ ಹದಿನಾಲ್ಕು ವರ್ಷದ ಹುಡುಗ. ಅವನಿಗೆ ಬೇಸ್‌ಬಾಲ್ ಆಟದ ಹುಚ್ಚು. ಅದರಲ್ಲಿಯೂ ಈಗ ಆಡುತ್ತಿರುವ ಪ್ರಸಿದ್ಧರಿಗಿಂತ ಮುಂದೆ ಪ್ರಸಿದ್ಧರಾಗಬಹುದಾದ ಎಳೆಯರ ಮೇಲೆಯೇ ಅವನ ಲಕ್ಷ್ಯವೆಲ್ಲ. ಅಂಥವರ ಹೆಸರು, ವಯಸ್ಸು, ಎತ್ತರ, ಅಂಕ ಇವುಗಳನ್ನು ಗೀಟು ಹೊಡೆದ ಪುಸ್ತಕವೊಂದರಲ್ಲಿ ನಮ್ಮ ಶಾಲೆಯ ಹಾಜರಿ ಪುಸ್ತಕಕ್ಕಿಂತಲೂ ಚೊಕ್ಕಟವಾಗಿ ಬರೆದಿಟ್ಟಿದ್ದನು.

“ತಾತ, ಈ ಹುಡುಗನಿಗೆ ಹದಿನೇಳು ವರ್ಷ. ಇವನ ಹೊಡೆತಕ್ಕೆ ಈಗ ೩೦ ಅಂಕ, ಮುಂದಕ್ಕೆ ೫೫” ಎಂದು ಓದಿದನು.

“ಮುಂದಕ್ಕೆ ಎಂದರೆ ಯಾವಾಗಿನ ಮಾತಪ್ಪಾ?”

“ಇನ್ನು ಐದಾರು ವರ್ಷಕ್ಕೆ, ತಾತ.”

ಇನ್ನೂ ಬರೆಯದ ಪರೀಕ್ಷೆಗೆ ಮುಂಚಿತವಾಗಿಯೇ ಅಂಕ ಕೊಡುವ ಈ ಪರೀಕ್ಷಕರು ಯಾರೆಂದು ನಮಗೆ ಬೆರಗಾಯಿತು. ಆ ಬೆರಗಿನಿಂದಲೇ ಮುಂದಿನ ವಿಚಾರವೆಲ್ಲ ಹುಟ್ಟಿತು.

ಆಟವನ್ನು ಅರಿಯದವರಿಗಾಗಿ ನಾಲ್ಕು ಮಾತು. ಬೇಸ್‌ಬಾಲ್ ನಮ್ಮ ಜನರು ಬಲ್ಲ ಕ್ರಿಕೆಟ್ಟಿಗೆ ದಾಯಾದಿಯಂತಿರುವ ಆಟ. ಆದರೆ ಇಲ್ಲಿ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ; ೧೮.೪ ಮೀಟರ್ ದೂರದಿಂದ ನೇರವಾಗಿ ಗಾಳಿಯಲ್ಲಿಯೇ ಬರುತ್ತದೆ. ಉತ್ತಮನಾದ ಪಿಚರ್, ಎಂದರೆ ಎಸೆಗಾರನು, ಗಂಟೆಗೆ ೧೫೦ ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಹೊಡೆಯುವವನನ್ನು ಮುಟ್ಟಲು ಒಂದು ಸೆಕೆಂಡಿನ ಅರ್ಧವೂ ಹಿಡಿಯದು. ಬ್ಯಾಟು ಚಪ್ಪಟೆಯಲ್ಲ, ಒನಕೆಯಂತೆ ದುಂಡನೆಯದು. ದುಂಡನೆಯ ಕೋಲಿನಿಂದ ದುಂಡನೆಯ ಚೆಂಡನ್ನು ಹೊಡೆಯುವುದು ಎಷ್ಟು ಕಷ್ಟವೆಂದರೆ, ನೂರು ಸಲಕ್ಕೆ ಮೂವತ್ತು ಸಲ ಸಫಲನಾದವನನ್ನು ಅಲ್ಲಿ ಶ್ರೇಷ್ಠನೆಂದು ಕರೆಯುತ್ತಾರೆ. ಎಸೆಗಾರನು ನಿಯಮಿತವಾದ ಆವರಣದ ಹೊರಗೆ ನಾಲ್ಕು ಚೆಂಡುಗಳನ್ನು ಎಸೆದು, ಹೊಡೆಯುವವನು ಅವನ್ನು ಮುಟ್ಟದೆ ಬಿಟ್ಟರೆ, ಅವನಿಗೆ ಮೊದಲನೆಯ ನೆಲೆಯು ಪುಕ್ಕಟೆಯಾಗಿ ದೊರೆಯುತ್ತದೆ. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ದೇಶ. ಕ್ಯಾರಿಬಿಯನ್ ಸಮುದ್ರದಲ್ಲಿ ಹಿಸ್ಪಾನಿಯೋಲ ಎಂಬ ದ್ವೀಪವಿದೆ. ಅದರ ಪಶ್ಚಿಮಭಾಗವು ಹೈಟಿ. ಪೂರ್ವಭಾಗವು ಡೊಮಿನಿಕನ್ ಗಣರಾಜ್ಯ. ೧೮೬೮ರಿಂದ ೧೮೭೮ರ ವರೆಗೆ ಕ್ಯೂಬಾದಲ್ಲಿ ನಡೆದ ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಕಬ್ಬಿನ ಬೇಸಾಯದ ಜೊತೆಯಲ್ಲಿ ಈ ಆಟವನ್ನೂ ಅಲ್ಲಿಗೆ ತಂದರು. ಸಕ್ಕರೆಯ ಕಾರ್ಖಾನೆಗಳು ಎದ್ದಲ್ಲೆಲ್ಲ ಆಟದ ತಂಡಗಳು ಎದ್ದುವು. ಸಾನ್ ಪೆದ್ರೊ ದೆ ಮಕೊರೀಸ್ ಎಂಬ ಊರಂತೂ ಸಕ್ಕರೆಗೂ ಆಟಗಾರರಿಗೂ ಸಮನಾಗಿ ಹೆಸರಾಯಿತು. ಆ ದೇಶದಿಂದ ಅಮೆರಿಕದ ಅತ್ಯುನ್ನತ ಶ್ರೇಣಿಯಾದ ಮೇಜರ್ ಲೀಗಿಗೆ ಮೊದಲು ಏರಿದವರು ಒಸಿ ವರ್ಜಿಲ್. ಅದು ೧೯೫೬ನೆಯ ಇಸವಿ. ಹುವಾನ್ ಮರಿಚಾಲ್ ಎಂಬ ಎಸೆಗಾರರ ಹೆಸರು ೧೯೮೩ರಲ್ಲಿ ಆ ಆಟದ ಕೀರ್ತಿಮಂದಿರವನ್ನು ಸೇರಿತು. ಈಗ ಮೇಜರ್ ಲೀಗಿನ ೩೦ ಸಂಘಗಳೂ ಆ ಪುಟ್ಟ ದೇಶದಲ್ಲಿ ತಮ್ಮ ತಮ್ಮ ವಿದ್ಯಾಲಯಗಳನ್ನು ಕಟ್ಟಿವೆ. ಅವನ್ನು ಅಕಾಡೆಮಿಗಳೆನ್ನುತ್ತಾರೆ. ಲಾಸ್ ಏಂಜಲಿಸ್ ನಗರದ ಡಾಜರ್ಸ್ ಸಂಘವು ೧೯೮೭ರಲ್ಲಿ ತೆರೆದ ಕಾಂಪೊ ಲಾಸ್ ಪಾಲ್ಮಾಸ್ ಇವುಗಳಲ್ಲಿ ಹಳೆಯ ಹೆಸರು. ರಾಜಧಾನಿಯಾದ ಸಾಂತೊ ದೊಮಿಂಗೊವಿನ ಪೂರ್ವಕ್ಕೆ, ಬೋಕಾ ಚೀಕಾ ಎಂಬ ಕಡಲತೀರದ ಊರಿನ ಸುತ್ತಮುತ್ತ ಇಂತಹವು ಗುಂಪುಗೂಡಿವೆ.

ಈ ವಿದ್ಯಾಲಯಗಳ ಹುಡುಗರು ತಮ್ಮತಮ್ಮೊಳಗೆ ಆಡುವ ಪಂದ್ಯಾವಳಿಯೇ ಡೊಮಿನಿಕನ್ ಸಮ್ಮರ್ ಲೀಗ್. ಇದು ೧೯೮೫ರಲ್ಲಿ ಆರಂಭವಾಯಿತು. ಮೆಟ್ಟಲುಗಳ ಸಾಲಿನಲ್ಲಿ ಇದು ತೀರ ಕೆಳಗಿನದು. ನಮ್ಮ ಲೆಕ್ಕದಲ್ಲಿ ಅಕ್ಷರಾಭ್ಯಾಸದ ತರಗತಿ. ಜೂನ್ ತಿಂಗಳಿಂದ ಆಗಸ್ಟ್ ವರೆಗೆ ಸುಮಾರು ೫೦ ತಂಡಗಳು ಬಿಸಿಲಿನಲ್ಲಿ ಆಡುತ್ತವೆ. ನೋಡುವ ಜನರು ಬಹಳ ಕಡಿಮೆ. ಆದರೆ ಬೇಲಿಯ ಹಿಂದೆ ಕುರ್ಚಿ ಹಾಕಿಕೊಂಡು ಕೈಯಲ್ಲಿ ಗಡಿಯಾರವನ್ನೂ ವೇಗಮಾಪಕ ಯಂತ್ರವನ್ನೂ ಹಿಡಿದ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಅವರೇ ನಮ್ಮ ಪರೀಕ್ಷಕರು, ಆಟದ ಭಾಷೆಯಲ್ಲಿ ಸ್ಕೌಟುಗಳು. ವೆನೆಜುವೆಲಾ ದೇಶದಲ್ಲಿಯೂ ಇಂತಹದೊಂದು ಲೀಗು ೧೯೯೭ರಿಂದ ೨೦೧೫ರ ವರೆಗೆ ನಡೆದು ನಿಂತುಹೋಯಿತು. ಆ ದೇಶದ ಹುಡುಗರೂ ಈಗ ಡೊಮಿನಿಕನ್ ನೆಲಕ್ಕೇ ಬರುತ್ತಾರೆ.

ಅಮೆರಿಕ, ಕೆನಡಾ, ಪೋರ್ಟೊ ರಿಕೊ ಇವುಗಳ ಹುಡುಗರನ್ನು ಸಂಘಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಉಳಿದ ದೇಶದವರಿಗೆ ಸರದಿಯಿಲ್ಲ. ಹದಿನಾರು ತುಂಬಿದವನು ಯಾವ ಸಂಘದೊಡನೆ ಬೇಕಾದರೂ ಕರಾರು ಮಾಡಿಕೊಳ್ಳಬಹುದು. ಹಿಂದೆ ಜುಲೈ ೨ನೆಯ ತಾರೀಖಿನಂದು ಈ ಸಂತೆ ತೆರೆಯುತ್ತಿತ್ತು. ೨೦೨೧ರಿಂದ ಜನವರಿ ೧೫ರಂದು ತೆರೆಯುತ್ತದೆ. ೨೦೧೭ರಿಂದ ಈಚೆಗೆ ಪ್ರತಿಯೊಂದು ಸಂಘವೂ ವರ್ಷಕ್ಕೆ ಇಷ್ಟೇ ಹಣವನ್ನು ಹೀಗೆ ವೆಚ್ಚಮಾಡಬೇಕೆಂಬ ಕಟ್ಟುನಿಟ್ಟೂ ಇದೆ. ಹುಡುಗನಿಗೂ ಸಂಘಕ್ಕೂ ನಡುವೆ ಬುಸ್ಕೋನ್ ಎಂಬ ಮಧ್ಯಸ್ಥನಿರುತ್ತಾನೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಹುಡುಕುವವನೆಂದು ಅರ್ಥ. ಅವನು ಹನ್ನೆರಡು ಹದಿಮೂರು ವರ್ಷದ ಹುಡುಗರನ್ನು ಗುರುತಿಸಿ, ಉಣಿಸಿ, ಇರಿಸಿಕೊಂಡು, ಆಟ ಕಲಿಸಿ, ಕರಾರಾದ ದಿನ ಬರುವ ಇಡಿಗಂಟಿನಲ್ಲಿ ನೂರಕ್ಕೆ ಮೂವತ್ತೋ ಅದಕ್ಕೂ ಹೆಚ್ಚೋ ತನ್ನ ಪಾಲೆಂದು ತೆಗೆದುಕೊಳ್ಳುತ್ತಾನೆ. ಅವರಲ್ಲಿ ಗುರುಗಳೆನಿಸತಕ್ಕವರೂ ಇದ್ದಾರೆ, ದಲ್ಲಾಳಿಗಳೂ ಇದ್ದಾರೆ. ಸಂತೆಯ ದಿನ ಬರುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ, ಹುಡುಗನಿಗೆ ಮೀಸೆ ಮೂಡುವ ಮೊದಲೇ, ಬಾಯಿಮಾತಿನ ಒಪ್ಪಂದಗಳು ಮುಗಿದಿರುವುದೂ ಉಂಟು. ಇಂತಹ ಮಾತು ಮುರಿದುಬಿದ್ದರೆ ಹುಡುಗನು ಯಾರ ಬಳಿಗೂ ಹೋಗಿ ಕೇಳುವಂತಿಲ್ಲ.

ಪರೀಕ್ಷಕರು ಅಂಕ ಕೊಡುವ ಕ್ರಮವು ವಿಚಿತ್ರವಾದುದು. ಸೊನ್ನೆಯಿಂದ ನೂರರ ವರೆಗೆ ಅಲ್ಲ. ೨೦ರಿಂದ ೮೦ರ ವರೆಗೆ. ಮೇಜರ್ ಲೀಗಿನಲ್ಲಿ ಆಡುವ ಸಾಧಾರಣ ಆಟಗಾರನ ಮಟ್ಟಕ್ಕೆ ೫೦. ಅದಕ್ಕಿಂತ ಮೇಲಾದವನಿಗೆ ೬೦. ಎಂಬತ್ತೆಂದರೆ ಒಂದು ತಲೆಮಾರಿಗೆ ಒಬ್ಬಿಬ್ಬರು. ಹೊಡೆಯುವ ಕುಶಲತೆ, ಹೊಡೆತದ ಬಲ, ಓಟ, ತೋಳಿನ ಎಸೆತ, ಚೆಂಡನ್ನು ಹಿಡಿಯುವ ಚಾತುರ್ಯ ಎಂಬ ಐದು ಗುಣಗಳಿಗೆ ಬೇರೆ ಬೇರೆಯಾಗಿ ಅಂಕವಿಡುತ್ತಾರೆ. ಪ್ರತಿಯೊಂದಕ್ಕೂ ಎರಡು ಅಂಕಗಳು: ಒಂದು ಇಂದಿನದು, ಒಂದು ಮುಂದಿನದು. ಹದಿನೇಳರ ಹುಡುಗನಿಗೆ ಇಂದಿನ ಅಂಕ ಬಹುಮಟ್ಟಿಗೆ ೨೦ ಅಥವಾ ೩೦. ಇದರಲ್ಲಿ ಅವಮಾನವೇನೂ ಇಲ್ಲ. ಒಂದನೆಯ ತರಗತಿಯ ಮಗುವನ್ನು ಪಂಡಿತಪರೀಕ್ಷೆಯ ಪತ್ರಿಕೆಯಿಂದ ಅಳೆದರೆ ಇನ್ನೆಷ್ಟು ಬಂದೀತು?

ಈ ಐದರಲ್ಲಿ ಓಟವನ್ನೂ ಎಸೆತವನ್ನೂ ಗಡಿಯಾರ ಯಂತ್ರಗಳೇ ಹೇಳಿಬಿಡುತ್ತವೆ. ಅರುವತ್ತು ಗಜ ಓಡಿಸುತ್ತಾರೆ. ಆರೂವರೆ ಸೆಕೆಂಡಿನಲ್ಲಿ ಮುಟ್ಟಿದವನು ಗಾಳಿಯಂತಹವನು, ಏಳು ಸೆಕೆಂಡಾದರೆ ಸಾಮಾನ್ಯನು. ಬ್ಯಾಟಿನಿಂದ ಚೆಂಡು ಚಿಮ್ಮುವ ವೇಗ, ಎಸೆದ ಚೆಂಡು ಗಾಳಿಯಲ್ಲಿ ತಿರುಗುವ ಸುತ್ತು ಇವನ್ನೂ ಈಚಿನ ವರ್ಷಗಳಲ್ಲಿ ಯಂತ್ರಗಳು ಅಳೆಯುತ್ತವೆ. ತೊಂದರೆಯಿರುವುದು ಹೊಡೆಯುವ ಕುಶಲತೆಯಲ್ಲಿ. ಅದನ್ನು ಅಳೆಯುವ ಕೋಲು ಇನ್ನೂ ಹುಟ್ಟಿಲ್ಲ. ಆಟವನ್ನು ಗೆಲ್ಲಿಸುವುದರಲ್ಲಿಯೂ ಅದಕ್ಕೇ ಅಗ್ರಸ್ಥಾನ.

ಆಮೇಲೆ ದೇಹಲಕ್ಷಣ. ಹೆಗಲಿನ ಅಗಲ, ಮಣಿಕಟ್ಟಿನ ದಪ್ಪ, ಅಂಗೈ ಅಂಗಾಲುಗಳ ಉದ್ದ, ತಂದೆತಾಯಿಗಳ ಎತ್ತರ ಇವುಗಳಿಂದ ಈ ಬಡಕಲು ಹುಡುಗನು ಇಪ್ಪತ್ತೆರಡಕ್ಕೆ ಎಂತಹ ಗಂಡಸಾಗುವನೆಂದು ಎಣಿಸುತ್ತಾರೆ. ನಮ್ಮ ಹಳಬರು ಕರುವನ್ನು ಕೊಳ್ಳುವಾಗ ಅದರ ಕಾಲು ಗೊರಸುಗಳನ್ನು ತಿರುವಿ ನೋಡುತ್ತಿದ್ದುದು ನೆನಪಾಗುತ್ತದೆ. ರತ್ನಪರೀಕ್ಷೆಗೂ ಒಂದು ಶಾಸ್ತ್ರವಿದೆ. ಆದರೆ ರತ್ನವು ಇಂದಿದ್ದಂತೆಯೇ ನಾಳೆಯೂ ಇರುತ್ತದೆ. ಹುಡುಗನು ಹಾಗಲ್ಲ. ಒಬ್ಬನು ಆರು ತಿಂಗಳಲ್ಲಿ ಗೇಣುದ್ದ ಬೆಳೆದು ಕೈಕಾಲುಗಳ ಅಂಕೆ ತಪ್ಪಿ, ನಿನ್ನೆ ಹೊಡೆಯುತ್ತಿದ್ದ ಚೆಂಡನ್ನು ಇಂದು ಕಾಣದಾಗುತ್ತಾನೆ. ಇನ್ನೊಬ್ಬನು ಹದಿನಾರಕ್ಕೇ ಪೂರ್ಣವಾಗಿ ಬೆಳೆದು ನಿಂತಿರುತ್ತಾನೆ. ಅವನ ಹೊಡೆತವನ್ನು ಕಂಡು ಎಲ್ಲರೂ ಮೂಗಿನ ಮೇಲೆ ಬೆರಳಿಡುತ್ತಾರೆ. ಇಪ್ಪತ್ತಕ್ಕೆ ಉಳಿದವರೆಲ್ಲ ಅವನಷ್ಟೇ ಬೆಳೆದ ಮೇಲೆ ಅವನ ಹೆಚ್ಚುಗಾರಿಕೆ ಎಲ್ಲಿ ಹೋಯಿತೆಂದು ಕೇಳುತ್ತಾರೆ. ಅದು ಎಲ್ಲಿಯೂ ಹೋಗಲಿಲ್ಲ. ಮೊದಲಿನಿಂದಲೂ ಅದು ವಯಸ್ಸಿನದಾಗಿತ್ತು, ಗುಣದ್ದಾಗಿರಲಿಲ್ಲ.

ಇಲ್ಲಿ ನಮ್ಮ ತರ್ಕಶಾಸ್ತ್ರದ ಒಂದು ಮಾತು ಬಹಳ ಚೆನ್ನಾಗಿ ಹೊಂದುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಸೌದೆಯು ಸೇರಿದಲ್ಲಿ ಮಾತ್ರ ಹೊಗೆಯುಂಟು. ಹೀಗೆ ಒಳಗೆ ಅಡಗಿ ಕುಳಿತು ಊಹೆಯನ್ನು ಕೆಡಿಸುವ ಹಸಿ ಸೌದೆಯಂತಹದಕ್ಕೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟಿದ್ದಾರೆ. ಡೊಮಿನಿಕನ್ ಲೀಗಿನ ಅಂಕಿಗಳಲ್ಲಿ ಹೆಜ್ಜೆಹೆಜ್ಜೆಗೂ ಉಪಾಧಿಗಳಿವೆ. ‘ಈ ಹುಡುಗನು ನೂರಕ್ಕೆ ಮೂವತ್ತೈದು ಸಲ ಹೊಡೆದನು, ಆದಕಾರಣ ಇವನು ಪ್ರತಿಭಾವಂತನು’ ಎಂಬ ಊಹೆಯನ್ನು ನೋಡಿರಿ. ಅವನಿಗೆ ಹದಿನೇಳೇ ಇಪ್ಪತ್ತೇ? ಇದು ಅವನಿಗೆ ಅಲ್ಲಿ ಮೊದಲನೆಯ ಬೇಸಗೆಯೇ ಮೂರನೆಯದೇ? ಎದುರು ಎಸೆದವನು ಮೊನ್ನೆ ತಾನೆ ಮನೆ ಬಿಟ್ಟು ಬಂದ ಮಗುವೇ? ಪುಟಿದ ಚೆಂಡನ್ನು ಹಿಡಿಯಲಾರದೆ ಎದುರಾಳಿಯು ಬಿಟ್ಟುದರಿಂದ ದೊರೆತ ಯಶಸ್ಸೆಷ್ಟು? ಅಲ್ಲದೆ ಆ ಋತುವೇ ಚಿಕ್ಕದು. ಹುಡುಗನು ಹೆಚ್ಚೆಂದರೆ ಇನ್ನೂರು ಸಲ ಹೊಡೆಯಲು ನಿಂತಾನು. ಅದರಲ್ಲಿ ಹತ್ತು ಚೆಂಡುಗಳು ಒಂದು ಮೊಳ ಅತ್ತ ಬಿದ್ದುವೋ ಇತ್ತ ಬಿದ್ದುವೋ ಎಂಬುದರಿಂದಲೇ ನೂರಕ್ಕೆ ಐದರ ವ್ಯತ್ಯಾಸವಾಗಿಹೋಗುತ್ತದೆ. ಆದುದರಿಂದಲೇ ಅನುಭವಸ್ಥರಾದ ಪರೀಕ್ಷಕರು ಅಂಕಿಗಳ ಪುಟವನ್ನು ಕೊನೆಗೆ ತಿರುವಿ ಹಾಕುತ್ತಾರೆ. ಹುಡುಗನನ್ನು ಮೊದಲು ನೋಡುತ್ತಾರೆ.

ವಯಸ್ಸೇ ಮುಖ್ಯವಾದ ಉಪಾಧಿಯಾದ ಮೇಲೆ ವಯಸ್ಸಿನಲ್ಲಿಯೇ ಸುಳ್ಳು ಹುಟ್ಟುವುದು ಆಶ್ಚರ್ಯವಲ್ಲ. ವಾಷಿಂಗ್ಟನ್ ಸಂಘವು ೨೦೦೬ರಲ್ಲಿ ಹದಿನಾರು ವರ್ಷದವನೆಂದು ನಂಬಿ ಒಬ್ಬನಿಗೆ ೧೪ ಲಕ್ಷ ಡಾಲರು ಕೊಟ್ಟಿತು. ಅವನು ಅಮೆರಿಕದ ಹೊಸಬರ ಲೀಗಿನಲ್ಲಿ ೨೦೦೮ರಲ್ಲಿ ಬಹಳ ಚೆನ್ನಾಗಿ ಹೊಡೆದನು. ೨೦೦೯ರಲ್ಲಿ ತಿಳಿದುಬಂದುದೇನೆಂದರೆ, ಅವನ ಹೆಸರೂ ಅದಲ್ಲ, ವಯಸ್ಸೂ ಅದಲ್ಲ. ಹೇಳಿದುದಕ್ಕಿಂತ ನಾಲ್ಕು ವರ್ಷ ಹಿರಿಯನು. ಹದಿನೆಂಟರವರ ನಡುವೆ ಇಪ್ಪತ್ತೆರಡರವನು ಹೊಡೆದದ್ದರಲ್ಲಿ ಏನು ವಿಶೇಷ? ಕ್ಲೀವ್‌ಲೆಂಡ್ ಸಂಘದಲ್ಲಿ ಫೌಸ್ತೊ ಕಾರ್ಮೋನಾ ಎಂದು ಹೆಸರಾಗಿದ್ದ ಎಸೆಗಾರರು ನಿಜವಾಗಿ ರೊಬೆರ್ತೊ ಹೆರ್ನಾಂದೆಸ್ ಎಂಬುದು ೨೦೧೨ರಲ್ಲಿ ಬಯಲಾಯಿತು. ನಮ್ಮ ಕಡೆಯೂ ಶಾಲೆಗೆ ಸೇರಿಸುವ ದಿನ ಮೇಷ್ಟರ ಲೇಖನಿಯೇ ಮಕ್ಕಳ ಜನ್ಮದಿನವನ್ನು ನಿರ್ಣಯಿಸುತ್ತಿದ್ದ ಕಾಲವಿತ್ತು. ಹೀಗಾಗಿ ಇದನ್ನು ಕೇಳಿ ನಾವು ನಗಲಾರೆವು. ಆದರೆ ಅಲ್ಲಿ ಎರಡು ವರ್ಷದ ಸುಳ್ಳಿಗೆ ಒಂದು ಮನೆಯ ಬೆಲೆಯಿದೆ. ಬೇಗ ಬಲಿಯಲೆಂದು ಎಳೆಯ ಮೈಗೆ ನಿಷಿದ್ಧವಾದ ಮದ್ದುಗಳನ್ನು ಚುಚ್ಚುವವರೂ ಇದ್ದಾರೆಂಬುದು ಇದಕ್ಕಿಂತ ಘೋರವಾದುದು.

ಮುಂದೆ, ಪುಕ್ಕಟೆಯಾಗಿ ನೆಲೆ ದೊರೆಯುವ ನಿಯಮವನ್ನು ನೆನಪಿನಲ್ಲಿಡಬೇಕೆಂದೆವಷ್ಟೆ. ಹುಡುಗನು ಕೆಟ್ಟ ಚೆಂಡುಗಳನ್ನು ಬಿಟ್ಟು ಒಳ್ಳೆಯದಕ್ಕಾಗಿ ಕಾಯಬಲ್ಲನೆ ಎಂಬುದನ್ನು ಈಗಿನ ಪರೀಕ್ಷಕರು ಬಹಳವಾಗಿ ಗಮನಿಸುತ್ತಾರೆ. ಅದು ವಿವೇಕದ ಗುರುತು. ಆದರೆ ಈ ಲೀಗಿನ ಎಳೆಯ ಎಸೆಗಾರರಿಗೆ ಗುರಿಯೇ ನಿಲ್ಲದು. ಆದಕಾರಣ ಇಲ್ಲಿ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ಸುಮ್ಮನೆ ನಿಂತವನೂ ವಿವೇಕಿಯಾಗಿಯೇ ಕಾಣುತ್ತಾನೆ. ತರಗತಿಯಲ್ಲಿ ಮೌನವಾಗಿ ಕುಳಿತ ಹುಡುಗನು ಧ್ಯಾನದಲ್ಲಿರುವನೋ ನಿದ್ದೆಯಲ್ಲಿರುವನೋ ಎಂಬುದು ಹಿಂದಿನ ಬೆಂಚಿನವರೆಗೆ ನಡೆದುಹೋದ ಮೇಷ್ಟರಿಗೆ ಮಾತ್ರ ತಿಳಿಯುತ್ತದೆ. ಮೇಲಿನ ಮೆಟ್ಟಲಿನಲ್ಲಿ, ಫ್ಲಾರಿಡಾದಲ್ಲಿಯೋ ಅರಿಜೋನಾದಲ್ಲಿಯೋ, ಗುರಿಯುಳ್ಳ ಎಸೆಗಾರನೆದುರು ನಿಂತ ಮೊದಲನೆಯ ತಿಂಗಳಲ್ಲಿಯೇ ಇವರಿಬ್ಬರ ಭೇದ ಹೊರಬೀಳುತ್ತದೆ.

ಇದಕ್ಕೂ ಅಪವಾದವಿದೆ. ವ್ಲಾದಿಮಿರ್ ಗೆರೆರೊ ಎಂಬ ಬಡ ಹುಡುಗನು ಪರೀಕ್ಷೆಗೆ ಬಂದಾಗ ಕಾಲಿನಲ್ಲಿದ್ದುದು ಜೋಡಿಯಲ್ಲದ ಎರಡು ಬೂಟುಗಳು. ದೊಡ್ಡದಾಗಿದ್ದ ಬೂಟಿಗೆ ಕಾಲುಚೀಲವನ್ನು ತುರುಕಿಕೊಂಡಿದ್ದನೆಂದು ಹೇಳುತ್ತಾರೆ. ಮಾಂಟ್ರಿಯಲ್ ಸಂಘವು ಅವನನ್ನು ೧೯೯೩ರಲ್ಲಿ ತೆಗೆದುಕೊಂಡಿತು. ಅವನು ಇದೇ ಡೊಮಿನಿಕನ್ ಲೀಗಿನಲ್ಲಿ ಆಡಿದನು. ಅವನಿಗೆ ಕಾಯುವುದೆಂಬುದೇ ತಿಳಿಯದು. ನೆಲಕ್ಕೆ ತಗಲುವ ಚೆಂಡನ್ನೂ ಕಣ್ಣಿನ ಮಟ್ಟದ ಚೆಂಡನ್ನೂ ಒಂದೇ ಉತ್ಸಾಹದಿಂದ ಬಾರಿಸುತ್ತಿದ್ದನು. ವಿವೇಕದ ಪಟ್ಟಿಯನ್ನಿಟ್ಟುಕೊಂಡು ಅಳೆದಿದ್ದರೆ ಮೊದಲನೆಯ ದಿನವೇ ಮನೆಗೆ ಕಳುಹಿಸಬೇಕಾಗಿತ್ತು. ಅವರು ೨೦೦೪ರಲ್ಲಿ ತಮ್ಮ ಲೀಗಿನ ಅತ್ಯುತ್ತಮ ಆಟಗಾರರೆನಿಸಿ, ೨೦೧೮ರಲ್ಲಿ ಕೀರ್ತಿಮಂದಿರವನ್ನು ಸೇರಿದರು. ಹುಡುಗನೆಂದು ಏಕವಚನದಲ್ಲಿ ಆರಂಭಿಸಿ ಬಹುವಚನದಲ್ಲಿ ಮುಗಿಸಬೇಕಾದ ಕಥೆಗಳು ಮೇಷ್ಟರುಗಳಿಗೆ ಹೊಸವಲ್ಲ.

ದೇಹಲಕ್ಷಣವನ್ನು ನಂಬಿ ಕೆಟ್ಟ ಕಥೆಗಳು ಇನ್ನೂ ಹೆಚ್ಚು. ಪೆದ್ರೊ ಮಾರ್ತಿನೆಸ್ ೧೯೮೮ರಲ್ಲಿ ಡಾಜರ್ಸ್ ಸಂಘವನ್ನು ಸೇರಿದರು. ಅಣ್ಣ ರಮೋನ್ ತೆಂಗಿನ ಮರದಂತೆ ಎತ್ತರ. ತಮ್ಮನದು ಕೃಶವಾದ ಮೈ. ಈ ಮೈ ಹೆಚ್ಚು ಕಾಲ ತಡೆಯಲಾರದೆಂಬ ಶಂಕೆಯಿಂದ ೧೯೯೩ರ ಆಟ ಮುಗಿದ ಮೇಲೆ ಅವರನ್ನು ಮಾಂಟ್ರಿಯಲ್ಲಿಗೆ ಬಿಟ್ಟುಕೊಟ್ಟರು. ಮುಂದೆ ೧೯೯೭, ೧೯೯೯, ೨೦೦೦ ಈ ಮೂರು ವರ್ಷಗಳಲ್ಲಿ ಎಸೆಗಾರರಿಗೆ ಮೀಸಲಾದ ಸೈ ಯಂಗ್ ಪ್ರಶಸ್ತಿಯು ಅವರಿಗೆ ಬಂದಿತು. ವೆನೆಜುವೆಲಾದ ಹೊಸೆ ಆಲ್ತುವೆಯ ಕಥೆ ಇನ್ನೂ ಸ್ವಾರಸ್ಯವಾದುದು. ಹ್ಯೂಸ್ಟನ್ ಸಂಘದವರು ಪರೀಕ್ಷೆ ನಡೆಯಿಸುತ್ತಿದ್ದಲ್ಲಿಗೆ ಹೋದ ಈ ಗಿಡ್ಡ ಹುಡುಗನಿಗೆ ಮತ್ತೆ ಬರಬೇಡವೆಂದರು. ವಯಸ್ಸು ಸುಳ್ಳಿರಬೇಕೆಂದೂ ಸಂಶಯಪಟ್ಟರು. ತಂದೆಯ ಮಾತಿನಂತೆ ಅವನು ಮರುದಿನ ಜನನಪತ್ರವನ್ನು ಹಿಡಿದುಕೊಂಡು ಮತ್ತೆ ಹೋದನು. ೧೫,೦೦೦ ಡಾಲರಿಗೆ ಕರಾರಾಯಿತು. ೨೦೧೭ರಲ್ಲಿ ಆತನೇ ತನ್ನ ಲೀಗಿನ ಅತ್ಯುತ್ತಮ ಆಟಗಾರ. ಡೊಮಿನಿಕನ್ನರೇ ಆದ ಹೊಸೆ ರಮೀರೆಸ್ ೨೦೦೯ರಲ್ಲಿ ೫೦,೦೦೦ ಡಾಲರಿಗೆ ದೊರೆತರು. ಅವರೂ ಗಿಡ್ಡರೇ, ಅವರೂ ಮೇರು ಆಟಗಾರರಾದರು. ಫ್ರಾಂಬರ್ ವಾಲ್ದೆಸ್ ಎಂಬ ಎಸೆಗಾರರಿಗೆ ೨೦೧೫ರಲ್ಲಿ ಕರಾರಾದಾಗ ಇಪ್ಪತ್ತೊಂದು ವಯಸ್ಸು; ಆ ಸಂತೆಯಲ್ಲಿ ಅದು ಮುಪ್ಪು. ಬೆಲೆ ೧೦,೦೦೦. ೨೦೨೨ರಲ್ಲಿ ಹ್ಯೂಸ್ಟನ್ ಸಂಘವು ವಿಶ್ವಸರಣಿಯನ್ನು ಗೆದ್ದಾಗ ಅವರು ಅದರ ಮುಖ್ಯ ಎಸೆಗಾರರಲ್ಲೊಬ್ಬರು.

ಇವರಿಗೆದುರಾಗಿ ಮೈಕೆಲ್ ಇನೋವಾ ಎಂಬವರನ್ನು ನಿಲ್ಲಿಸಿ ನೋಡಬೇಕು. ಹದಿನಾರಕ್ಕೇ ಆರೂವರೆ ಅಡಿ ಎತ್ತರ, ನೀಳವಾದ ತೋಳು. ಲಕ್ಷಣಶಾಸ್ತ್ರದ ಯಾವ ಪುಟದಲ್ಲಿಯೂ ಕೊರತೆಯಿಲ್ಲ. ಓಕ್‌ಲೆಂಡ್ ಸಂಘವು ೨೦೦೮ರಲ್ಲಿ ೪೨ ಲಕ್ಷದ ೫೦ ಸಾವಿರ ಡಾಲರು ಕೊಟ್ಟಿತು; ಅಂತಹ ಹುಡುಗನಿಗೆ ಅಷ್ಟು ಹಣವನ್ನು ಆ ವರೆಗೆ ಯಾರೂ ಕೊಟ್ಟಿರಲಿಲ್ಲ. ೨೦೧೦ರಲ್ಲಿ ಮೊಣಕೈ ಕೆಟ್ಟು ಶಸ್ತ್ರಚಿಕಿತ್ಸೆಯಾಯಿತು. ಬೇರೊಂದು ಸಂಘದ ಕಡೆಯಿಂದ ಮೇಜರ್ ಲೀಗನ್ನು ಮುಟ್ಟಿದ್ದು ೨೦೧೬ರಲ್ಲಿ. ಬಹು ಕಾಲ ನಿಲ್ಲಲಿಲ್ಲ. ಅವರ ತಪ್ಪೇನು? ಇಲ್ಲ. ಪರೀಕ್ಷಕರ ತಪ್ಪೇ? ಅವರು ಕಂಡುದೆಲ್ಲವೂ ಅಲ್ಲಿ ಇದ್ದೇ ಇತ್ತು. ಮೊಣಕೈಯ ಒಳಗಿನ ನರವೊಂದು ಮಾತ್ರ ಅವರ ಕಣ್ಣಿಗೆ ಬೀಳುವಂತಹದಾಗಿರಲಿಲ್ಲ.

ನಮ್ಮ ಭರತಖಂಡಕ್ಕೂ ಈ ಕಥೆಗೂ ಒಂದು ಎಳೆಯ ಸಂಬಂಧವಿದೆ. ಅದೂ ನಾವಿದ್ದ ಪಿಟ್ಸ್‌ಬರ್ಗಿನ ಮೂಲಕ. ೨೦೦೮ರಲ್ಲಿ ಅಮೆರಿಕದವರೊಬ್ಬರು ನಮ್ಮ ದೇಶದಲ್ಲಿ ಚೆಂಡೆಸೆಯುವ ಸ್ಪರ್ಧೆಯನ್ನು ನಡೆಯಿಸಿದರು. ಉತ್ತರಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಭರ್ಜಿ ಎಸೆತದ ಯುವಕರು ಮುಂದೆ ಬಂದರು. ಬೇಸ್‌ಬಾಲನ್ನು ಅವರು ಅದುವರೆಗೆ ಆಡಿರಲಿಲ್ಲ. ಕೆಲವು ತಿಂಗಳ ಅಭ್ಯಾಸದ ಮೇಲೆ ಪಿಟ್ಸ್‌ಬರ್ಗಿನ ಪೈರೆಟ್ಸ್ ಸಂಘವು ಅವರನ್ನು ಸೇರಿಸಿಕೊಂಡಿತು. ೨೦೦೯ರಲ್ಲಿ ಫ್ಲಾರಿಡಾದ ಹೊಸಬರ ಲೀಗಿನಲ್ಲಿ ಇಬ್ಬರೂ ಎಸೆದರು. ಮೇಜರ್ ಲೀಗನ್ನು ಇಬ್ಬರೂ ಮುಟ್ಟಲಿಲ್ಲ. ಐದು ಗುಣಗಳಲ್ಲಿ ತೋಳೊಂದನ್ನೇ ಅಳೆದು ಆರಿಸಿದರೆ ಎಲ್ಲಿಯ ವರೆಗೆ ಹೋಗಬಹುದು, ಎಲ್ಲಿ ನಿಲ್ಲುತ್ತದೆ ಎಂಬುದ‌ಕ್ಕೆ ಇದೊಂದು ನಿದರ್ಶನ. ಅವರ ಕಥೆಯು ೨೦೧೪ರಲ್ಲಿ ಚಲಚ್ಚಿತ್ರವಾಯಿತು. ನಮ್ಮ ಹುಡುಗನು ಅದನ್ನು ನಮಗೆ ಎರಡು ಸಲ ತೋರಿಸಿದನು. ನಮ್ಮ ಮನೆಯವರು ಎರಡನೆಯ ಸಲವೂ ಕಣ್ಣೊರಸಿಕೊಂಡರು.

ಮೊದಲಿನಲ್ಲಿ ಹೇಳುವೆವೆಂದು ಮಾತು ಕೊಟ್ಟಿದ್ದ ಸಂಗತಿಯನ್ನು ಇಲ್ಲಿ ಹೇಳಿಬಿಡುವೆವು. ನಮ್ಮ ಸೇವೆಯ ಮೊದಲ ಹತ್ತು ವರ್ಷಗಳೊಳಗೆ ಒಬ್ಬ ಹುಡುಗನಿದ್ದನು. ಹನ್ನೆರಡಕ್ಕೇ ಅಮರಕೋಶದ ಮೊದಲ ಕಾಂಡವನ್ನು ತಡೆಯಿಲ್ಲದೆ ಹೇಳುವನು, ಲೆಕ್ಕದಲ್ಲಿಯೂ ಮುಂದು. ಅವನ ತಂದೆಯು ಎರಡೆಕರೆ ಹೊಲದ ರೈತ. ‘ಇವನು ದೊಡ್ಡವನಾಗುತ್ತಾನೆ, ಹಿಂದೆಮುಂದೆ ನೋಡದೆ ಪಟ್ಟಣಕ್ಕೆ ಕಳುಹಿಸಿರಿ’ ಎಂದು ನಾವು ಆತನಿಗೆ ಒಂದು ಸಲವಲ್ಲ, ಹತ್ತು ಸಲ ಹೇಳಿದೆವು. ಅರ್ಧ ಹೊಲವು ಅಡವಾಯಿತು. ಹುಡುಗನು ಪಟ್ಟಣದ ಕಾಲೇಜಿನಲ್ಲಿ ಎರಡು ಸಲ ತೇರ್ಗಡೆಯಾಗದೆ ಊರಿಗೆ ಹಿಂದಿರುಗಿದನು. ಅವನ ನೆನಪಿನ ಶಕ್ತಿಗೆ ನಾವು ಕೊಟ್ಟ ಅಂಕವು ಸರಿಯಾಗಿಯೇ ಇತ್ತು. ಮನೆ ಬಿಟ್ಟು ಇರಲಾರದ ಅವನ ಮನಸ್ಸಿಗೆ ನಾವು ಅಂಕವನ್ನೇ ಹಾಕಿರಲಿಲ್ಲ. ಆ ಹೊಲವು ಬಿಡುಗಡೆಯಾಗಲು ಹನ್ನೊಂದು ವರ್ಷ ಹಿಡಿಯಿತು. ತಂದೆಯಾದವನು ಒಂದು ದಿನವಾದರೂ ನಮ್ಮನ್ನು ದೂರಲಿಲ್ಲ. ಪ್ರತಿ ಯುಗಾದಿಗೂ ಎರಡು ತೆಂಗಿನಕಾಯಿ ತಂದು ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದನು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಡೊಮಿನಿಕನ್ ಹುಡುಗರಿಗೆ ಈ ಅಪಾಯವು ನೂರ್ಮಡಿ ದೊಡ್ಡದು. ಆಟವನ್ನು ನಂಬಿದವನು ಹನ್ನೆರಡು ಹದಿಮೂರಕ್ಕೇ ಶಾಲೆಯನ್ನು ಬಿಡುತ್ತಾನೆ. ಕರಾರು ಪಡೆದವರಲ್ಲಿಯೂ ಮೇಜರ್ ಲೀಗನ್ನು ಕಾಣುವವರು ನೂರರಲ್ಲಿ ಕೆಲವೇ ಮಂದಿ; ಕರಾರೇ ದೊರೆಯದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಸಂಘವು ಕೈಬಿಟ್ಟಾಗ ಅವನ ಕೈಯಲ್ಲಿರುವುದೇನು? ಈಗ ಅಕಾಡೆಮಿಗಳಲ್ಲಿ ಇಂಗ್ಲಿಷನ್ನು ಕಲಿಸುತ್ತಾರೆ, ಬಿಟ್ಟುಹೋದ ಶಾಲೆಯ ಪಾಠಗಳನ್ನು ಮುಗಿಸುವ ಏರ್ಪಾಡೂ ಇದೆ. ಇದನ್ನು ನಾವು ಮನಸಾರೆ ಮೆಚ್ಚುವೆವು. ಆದರೆ ಇದು ಕರಾರು ಪಡೆದವರಿಗೆ ಮಾತ್ರ. ಈ ಸಂತೆಯನ್ನು ಮುಚ್ಚಿ ಹೊರದೇಶದವರಿಗೂ ಸರದಿಯ ಪದ್ಧತಿಯನ್ನು ತರಬೇಕೆಂದು ಸಂಘಗಳು ಹೇಳಿದುವು. ಆಟಗಾರರ ಒಕ್ಕೂಟವು ೨೦೨೨ರ ಜುಲೈ ತಿಂಗಳಲ್ಲಿ ಒಪ್ಪಲಿಲ್ಲ. ಒಪ್ಪಿದ್ದರೆ ಬಾಯಿಮಾತಿನ ವ್ಯಾಪಾರವು ಕಡಿಮೆಯಾಗುತ್ತಿತ್ತೆಂದು ಕೆಲವರು, ಬಡ ಹುಡುಗನಿಗೆ ತನ್ನ ಬೆಲೆಯನ್ನು ತಾನು ಹೇಳುವ ಹಕ್ಕೇ ಹೋಗುತ್ತಿತ್ತೆಂದು ಕೆಲವರು. ನಮಗೆ ಎರಡನೆಯವರ ಮಾತಿನಲ್ಲಿ ಹೆಚ್ಚು ತೂಕ ಕಾಣುತ್ತದೆ. ಕೆಳಗಿನ ಮೆಟ್ಟಲಿನ ಆಟಗಾರರ ಸಂಬಳ ವಸತಿಗಳ ವಿಷಯವಾಗಿ ೨೦೨೩ರಲ್ಲಿ ಆದ ಒಪ್ಪಂದವು ಅಮೆರಿಕದ ನೆಲದ ಮೇಲೆ ಆಡುವವರಿಗೆ ಮಾತ್ರ ಅನ್ವಯಿಸಿತು. ದ್ವೀಪದ ಲೀಗಿನವರು ಅದರ ಹೊರಗೆ ಉಳಿದರು.

ನಮ್ಮ ಹುಡುಗನಿಗೆ ಇದೆಲ್ಲವನ್ನೂ ಹೇಳಿ ಅವನ ಉತ್ಸಾಹವನ್ನು ಕೆಡಿಸಲು ನಮಗೆ ಮನಸ್ಸು ಬರಲಿಲ್ಲ. ಒಂದು ಸಲಹೆಯನ್ನು ಮಾತ್ರ ಕೊಟ್ಟೆವು: ಅಂಕಗಳ ಪಕ್ಕದಲ್ಲಿ ಆ ಅಂಕವನ್ನು ಬರೆದ ದಿನವನ್ನೂ ಬರೆದಿಡು, ಎರಡು ವರ್ಷದ ಮೇಲೆ ತಿರುಗಿ ನೋಡು ಎಂದು. ಊರಿಗೆ ಬಂದ ಮೇಲೂ ಭಾನುವಾರಗಳಲ್ಲಿ ಅವನು ದೂರವಾಣಿಯಲ್ಲಿ ಮಾತನಾಡುತ್ತಾನೆ. ಕಳೆದ ತಿಂಗಳು, “ತಾತ, ಆ ೩೦ ಮತ್ತು ೫೫ರ ಹುಡುಗ ನೆನಪಿದೆಯೇ? ಅವನನ್ನು ಸಂಘದವರು ಬಿಟ್ಟುಬಿಟ್ಟರು” ಎಂದನು.

“ಈಗ ಎಲ್ಲಿದ್ದಾನಂತೆ?”

“ಗೊತ್ತಿಲ್ಲ, ತಾತ. ಬಿಟ್ಟವರ ವಿಚಾರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.”

ಪುಸ್ತಕದಲ್ಲಿ ಆ ಹುಡುಗನ ಸಾಲನ್ನು ಹೊಡೆದುಹಾಕದೆ ಹಾಗೆಯೇ ಇಟ್ಟುಕೊಳ್ಳಬೇಕೆಂದು ಅವನಿಗೆ ಹೇಳಿದ್ದೇವೆ. ಇಟ್ಟುಕೊಂಡಿದ್ದಾನೆ.